ದಾಸವಾಳ ಕ್ರಾಸ್ ಮಾಡಿದ್ರೆ ಕಾಯಿ ನಿಲ್ತಿಲ್ವಾ? ಯಾವತ್ತು ಉದುರ್ತು ಅಂತ ಮೊದ್ಲು ನೋಡಿ

"ಪರಾಗ ಹಚ್ಚಿದ್ದೆ, ಕಾಯಿ ಆಗ್ಲಿಲ್ಲ, ಯಾಕೆ?" ಇಷ್ಟೇ ಕೇಳಿದ್ರೆ ಯಾರ ಕೈಲೂ ಸರಿಯಾದ ಉತ್ತರ ಕೊಡಕ್ಕಾಗಲ್ಲ, ಕೊಟ್ಟೋರು ಊಹೆ ಮಾಡಿ ಕೊಟ್ಟಿರ್ತಾರೆ ಅಷ್ಟೆ. ಯಾಕಂದ್ರೆ ಹೂವು ಬಾಡಿ ಎರಡು ಮೂರು ದಿನಕ್ಕೇ ತೊಟ್ಟು ಸಮೇತ ಬಿದ್ದಿದ್ದು ಒಂದು ಥರ, ಹತ್ತು ದಿನ ಹಸಿರಾಗಿ ಊದ್ಕೊಂಡಿದ್ದು ಆಮೇಲೆ ಹಳದಿ ಆಗಿ ಬಿದ್ದಿದ್ದು ಇನ್ನೊಂದು ಥರ, ಗೋಲಿಗಿಂತ ದಪ್ಪ ಆದ್ಮೇಲೆ ಬಿದ್ದಿದ್ದು ಮತ್ತೊಂದು, ಪೂರ್ತಿ ಬಲಿತು ಒಡೆದ್ಮೇಲೆ ಒಳಗೆ ಬರೀ ಜೊಳ್ಳು ಸಿಕ್ಕಿದ್ದು ಅದೇ ಬೇರೆ. ನಾಲ್ಕಕ್ಕೂ ಕಾರಣ ಬೇರೆ, ಮದ್ದೂ ಬೇರೆ. ಆದ್ರೆ ಎಲ್ಲದಕ್ಕೂ ಸಿಗೋ ಸಲಹೆ ಮಾತ್ರ ಒಂದೇ, "ಗೊಬ್ಬರ ಹಾಕಿ". ಗೊಬ್ಬರಕ್ಕೂ ಇದರಲ್ಲಿ ಒಂದು ತೊಂದರೆಗೂ ಅರ್ಧಂಬರ್ಧ ಸಂಬಂಧ ಇದೆ, ಉಳಿದಿದ್ದಕ್ಕೆ ಏನೂ ಇಲ್ಲ.

ಇಲ್ಲಿ ಹೇಳೋದೆಲ್ಲಾ ಮುಖ್ಯವಾಗಿ ದಾಸವಾಳದ ಬಗ್ಗೆ, ಮನೇಲಿ ಎರಡು ಮೂರು ತಳಿ ಇಟ್ಕೊಂಡು ಬ್ರಷ್ ಹಿಡಿದು ಒಂದರ ಪರಾಗ ಇನ್ನೊಂದಕ್ಕೆ ಹಚ್ಚಿ (ಕ್ರಾಸ್ ಅಂದ್ರೆ ಇದೇ) ಹೊಸ ಬಣ್ಣ ಹುಟ್ಸೋಣ ಅಂತ ಹೊರಟೋರಿಗೆ. ಡೇಲಿಲ್ಲಿ, ಗುಲಾಬಿ, ಅಡೇನಿಯಮ್ ಮಾಡೋರಿಗೂ ಕ್ರಮ ಇದೇ, ದಿನಗಳ ಲೆಕ್ಕ ಮಾತ್ರ ಬೇರೆ ಬರತ್ತೆ.

ಟ್ಯಾಗ್ ಇಲ್ದೆ ಏನೂ ಗೊತ್ತಾಗಲ್ಲ

ಪರಾಗ ಹಚ್ಚಿದ ತಕ್ಷಣ ತೊಟ್ಟಿಗೆ ಒಂದು ಟ್ಯಾಗ್ ಕಟ್ಟಿ. ಅದರಲ್ಲಿ ತಾಯಿ (ಕಾಯಿ ಹೊರೋ ಗಿಡ) ಹೆಸರು ಮೊದ್ಲು, ಆಮೇಲೆ ಗುಣಾಕಾರ ಚಿಹ್ನೆ, ಆಮೇಲೆ ತಂದೆ (ಪರಾಗ ಕೊಟ್ಟ ಗಿಡ) ಹೆಸರು, ಇದು ಎಲ್ಲಾ ಕಡೆ ನಡೆದುಕೊಂಡು ಬಂದಿರೋ ಕ್ರಮ, ತಿರುವು ಮುರುವು ಬರೆದ್ರೆ ಮುಂದೆ ಓದೋರಿಗೆ ಇರ್ಲಿ ನಿಮಗೇ ಗೊಂದಲ. ಅದರ ಕೆಳಗೆ ತಾರೀಕು, ಹಚ್ಚಿದ ಹೊತ್ತು, ಬಿಸಿಲಾ ಮೋಡನಾ ಮಳೆನಾ ಅಂತ ಒಂದೇ ಪದ. ಪೆನ್ಸಿಲ್‌ನಲ್ಲಿ ಬರೀರಿ, ಬಿಸಿಲು ಮಳೆಗೆ ಎಷ್ಟೋ ಮಾರ್ಕರ್ ಪೆನ್‌ನ ಶಾಯಿ ಮಾಸಿ ಹೋಗತ್ತೆ, ಪೆನ್ಸಿಲ್ ಗೀಟು ನಿಲ್ಲತ್ತೆ. ಕಾಯಿ ಬಿದ್ರೆ ಟ್ಯಾಗ್ ಎಸೀಬೇಡಿ, ಬಿದ್ದ ತಾರೀಕನ್ನ ಹಿಂದೆ ಬರೆದು ಒಂದು ಡಬ್ಬಿಗೆ ಹಾಕಿ. ಹದಿನೈದಿಪ್ಪತ್ತು ಟ್ಯಾಗ್ ಸೇರಿದ್ಮೇಲೆ ಮೇಜಿನ ಮೇಲೆ ಹರಡಿ ನೋಡಿದ್ರೆ ಯಾರನ್ನೂ ಕೇಳೋ ಅಗತ್ಯಾನೇ ಬೀಳಲ್ಲ, ಒಂದು ತಾಯಿ ಯಾವತ್ತೂ ಹಿಡಿದಿಲ್ಲ, ಒಬ್ಬ ತಂದೆ ಎಲ್ಲಿ ಹಚ್ಚಿದ್ರೂ ಫೇಲ್, ಸೆಖೆ ದಿನದ್ದೆಲ್ಲಾ ಬಿದ್ದಿದೆ, ಹೀಗೆ ಏನಾದ್ರೂ ಒಂದು ಎದ್ದು ಕಾಣ್ಸತ್ತೆ.

ಇನ್ನೊಂದು ವಿಷಯ, ದಾಸವಾಳದಲ್ಲಿ ಮಾಡಿದ ಕ್ರಾಸ್‌ಗಳಲ್ಲಿ ಹೆಚ್ಚಿನವು ಬೀಳೋದೇ ಸಹಜ. ಎರಡು ಹೂವು ಬಿದ್ರೆ ಅದು ದೋಷ ಅಲ್ಲ. ಅದೇ ಜೋಡೀಲಿ ಒಳ್ಳೆ ಹವೆ ಇದ್ದಾಗ ಹತ್ತು ಹನ್ನೆರಡು ಹೂವಿಗೆ ಹಚ್ಚಿ ಒಂದೂ ನಿಲ್ದೆ ಇದ್ರೆ ಆಗ ದೋಷ ಹುಡುಕಕ್ಕೆ ಕೂತ್ಕೋಬೇಕು.

ಮೂರ್ನಾಲ್ಕು ದಿನದೊಳಗೇ ಬಿದ್ರೆ

ನೂರಕ್ಕೆ ತೊಂಬತ್ತು ಜನರ ತೊಂದರೆ ಇದೇ ಅಂತ ನನ್ನ ಅಂದಾಜು, ಹಾಗಾಗಿ ಇಲ್ಲಿ ಸ್ವಲ್ಪ ಹೆಚ್ಚು ಹೊತ್ತು ನಿಲ್ಲೋಣ. ಇಷ್ಟು ಬೇಗ ಬಿತ್ತು ಅಂದ್ರೆ ಒಳಗೆ ಗರ್ಭ ಕಟ್ಟೇ ಇಲ್ಲ. ಪರಾಗ ತಲುಪಿಲ್ಲ, ತಲುಪಿದ್ರೂ ಸತ್ತಿತ್ತು, ಬದುಕಿದ್ರೂ ತಾಯಿ ಒಪ್ಪಿಲ್ಲ, ಈ ಮೂರರಲ್ಲಿ ಒಂದು.

ಮೊದ್ಲು ಹೂವಿನ ರಚನೆ ನೋಡ್ಕೊಳ್ಳಿ. ಮಧ್ಯದಿಂದ ಉದ್ದಕ್ಕೆ ಒಂದು ಕೋಲು ಬರತ್ತಲ್ಲ, ಅದು ಒಂದೇ ಕೋಲಲ್ಲ. ಹೊರಗಡೆದು ಕೇಸರಗಳೆಲ್ಲಾ ಕೂಡ್ಕೊಂಡು ಆಗಿರೋ ಕೊಳವೆ, ಅದರ ಮೈಮೇಲೆ ಹಳದಿ ಪುಡಿ ತುಂಬಿದ ಪುಟ್ಟ ಚೀಲಗಳು. ಆ ಕೊಳವೆಯ ಒಳಗಿಂದ ಶಲಾಕೆ ಹಾದು ಬಂದು ತುದೀಲಿ ಐದಾಗಿ ಕವಲೊಡೆದು, ಒಂದೊಂದು ಕವಲಿನ ತುದೀಲೂ ಸಣ್ಣ ರೋಮ ಇರೋ ಗುಂಡು. ಪರಾಗ ಹಚ್ಚಬೇಕಾಗಿರೋದು ಆ ಐದು ಗುಂಡಿಗೆ, ಬೇರೆ ಎಲ್ಲಿ ಮೆತ್ತಿದ್ರೂ ದಂಡ. ಕೆಳಗೆ ಹಸಿರು ಬಟ್ಟಲೊಳಗೆ ಅಂಡಾಶಯ, ಅದಕ್ಕೂ ಐದು ಖಾನೆ. ಗುಂಡಿನ ಮೇಲೆ ಕೂತ ಪರಾಗದ ಕಣ ಮೊಳೆತು, ಒಂದು ಸಣ್ಣ ನಳಿಕೆ ಬಿಟ್ಟು, ಆ ಉದ್ದದ ಶಲಾಕೆ ಪೂರ್ತಿ ಇಳಿದು ಅಂಡಾಶಯ ಸೇರ್ಬೇಕು. ದೊಡ್ಡ ಹೂವಲ್ಲಿ ಇದು ಕಣದ ಗಾತ್ರಕ್ಕೆ ಹೋಲಿಸಿದ್ರೆ ಬಹಳ ದೂರದ ದಾರಿ, ಗಂಟೆಗಟ್ಲೆ ಸಮಯ ಬೇಕು.

ಈಗ ಇಲ್ಲಿ ಒಂದು ತಪ್ಪು ತುಂಬಾ ಜನ ಮಾಡೋದು. ಹಚ್ಚಾದ್ಮೇಲೆ ಜೇನು ಬರ್ಬಾರ್ದು ಅಂತ, ಇಲ್ಲಾ ಹೂವು ಕೊಳೀಬಾರ್ದು ಅಂತ, ಅವತ್ತೇ ಸಂಜೆ ಎಸಳೆಲ್ಲಾ ಹಿಡಿದು ಎಳೆದು ತೆಗೀತಾರೆ. ಕೇಸರದ ಕೊಳವೆ ಎಸಳಿನ ಬುಡಕ್ಕೇ ಅಂಟ್ಕೊಂಡಿರತ್ತೆ, ಎಸಳು ಎಳೆದ್ರೆ ಕೊಳವೆನೂ ಬರತ್ತೆ, ಅದರ ಜೊತೆ ಒಳಗಿನ ಶಲಾಕೆನೂ ಕಿತ್ಕೊಂಡು ಬರತ್ತೆ, ದಾರೀಲಿದ್ದ ಪರಾಗ ನಳಿಕೆ ಅಲ್ಲಿಗೆ ಮುಗೀತು. ಹೂವನ್ನ ಮುಟ್ಟಬೇಡಿ, ತಾನಾಗೇ ಸುರುಳಿ ಸುತ್ಕೊಂಡು ಎರಡು ಮೂರು ದಿನದಲ್ಲಿ ಜಾರಿ ಬೀಳತ್ತೆ. ಮಳೆಗಾಲದಲ್ಲಿ ಬಾಡಿದ ಹೂವು ಬಟ್ಟಲಿಗೆ ಅಂಟ್ಕೊಂಡು ಕೊಳೆಯೋ ಹಾಗಿದ್ರೆ ಮಾತ್ರ ಎರಡು ದಿನ ಕಳೆದ್ಮೇಲೆ ಮೆತ್ತಗೆ ಬಿಡಿಸಿ.

ಆಮೇಲೆ ಹೊತ್ತು. ಹೆಚ್ಚಿನ ದಾಸವಾಳದ ಹೂವಿನ ಆಯಸ್ಸೇ ಒಂದು ದಿನ, ಕೆಲವು ಹೈಬ್ರಿಡ್, ಅಂದ್ರೆ ಮಿಶ್ರ ತಳಿ, ಎರಡು ದಿನ ನಿಲ್ಲತ್ತೆ. ಬೆಳಗ್ಗೆ ಹೂವು ಅರಳಿದ ತಕ್ಷಣ ಪರಾಗದ ಚೀಲಗಳು ಇನ್ನೂ ಮುಚ್ಚಿರಬಹುದು, ಆಗ ಬ್ರಷ್ ಸವರಿದ್ರೆ ಏನೂ ಬರಲ್ಲ, ಬಂದಿದೆ ಅಂದ್ಕೊಂಡು ಹಚ್ಚಿ ಮುಗಿಸ್ತಾರೆ. ದಾಸವಾಳದ ಪರಾಗದ ಕಣ ದೊಡ್ಡದು, ಮುಳ್ಳು ಮುಳ್ಳಾಗಿರತ್ತೆ, ಸುಮ್ನೆ ಕಣ್ಣಿಗೇ ಹಳದಿ ಕಾಳಾಗಿ ಕಾಣತ್ತೆ, ಹಾಗಾಗಿ ಇಲ್ಲಿ ಅನುಮಾನಕ್ಕೆ ಜಾಗವೇ ಇಲ್ಲ, ಗುಂಡಿನ ಮೇಲೆ ಹಳದಿ ಕಾಳು ಕೂತಿರೋದು ಕಂಡ್ರೆ ಹಚ್ಚಿದ್ದೀರಿ, ಕಾಣ್ಲಿಲ್ಲ ಅಂದ್ರೆ ಹಚ್ಚಿಲ್ಲ. ಬ್ರಷ್‌ಗಿಂತ ಒಳ್ಳೆ ವಿಧಾನ ಅಂದ್ರೆ ತಂದೆ ಹೂವನ್ನೇ ಕಿತ್ಕೊಂಡು ಎಸಳು ಹಿಂದಕ್ಕೆ ಮಡಚಿ ಕೋಲನ್ನ ನೇರವಾಗಿ ತಾಯಿಯ ಐದೂ ಗುಂಡಿಗೆ ಸವರೋದು. ಬ್ರಷ್ ಬಳಸ್ಲೇಬೇಕು ಅಂದ್ರೆ ಒಂದೊಂದು ತಂದೆಗೆ ಒಂದೊಂದು ಬ್ರಷ್, ಇಲ್ಲಾಂದ್ರೆ ಯಾರ ಮಗು ಅಂತ ದೇವರಿಗೇ ಗೊತ್ತು.

ಮಧ್ಯಾಹ್ನ ಸೆಖೆ ಏರಿದ್ಮೇಲೆ ಹಚ್ಚಿದ್ದು ನಿಲ್ಲೋದು ಕಷ್ಟ. ಉಷ್ಣಾಂಶ 32-35 ಡಿಗ್ರಿ ದಾಟಿ ದಿನಗಟ್ಲೆ ಅಲ್ಲೇ ನಿಂತಾಗ ಪರಾಗ ಬಲಹೀನ ಆಗತ್ತೆ, ನೋಡಕ್ಕೆ ಚೆನ್ನಾಗೇ ಇರತ್ತೆ, ಮೊಳೆಯಲ್ಲ. ತುಂಬಾ ಚಳಿ ಇದ್ರೂ ಅಷ್ಟೆ, ಚೀಲ ತೆರೆಯೋದೇ ಇಲ್ಲ, ಇಲ್ಲಾ ಸಂಜೆ ಮೇಲೆ ತೆರೆಯತ್ತೆ. ಹಿತವಾದ ಹಗಲು, ತಂಪಾದ ರಾತ್ರಿ ಇರೋ ವಾರಗಳು ಬರೋವರೆಗೆ ಸುಮ್ನೆ ಕಾಯೋದೇ ಇದಕ್ಕೆ ಮದ್ದು, ಬೇರೆ ಉಪಾಯ ಇಲ್ಲ. ಕೆಟ್ಟ ಹವೇಲಿ ದಿನಾ ಹಚ್ಚಿ ದಿನಾ ಬೇಜಾರಾಗೋದು ಯಾಕೆ?

ನೀರು ಇನ್ನೊಂದು ಶತ್ರು. ಪರಾಗದ ಕಣಕ್ಕೆ ನೀರು ತಾಗಿದ್ರೆ ಅದು ಹೀರ್ಕೊಂಡು ಉಬ್ಬಿ ಒಡೆದು ಹೋಗತ್ತೆ. ಬೆಳಗ್ಗೆ ಗಿಡದ ಮೇಲೆಲ್ಲಾ ಪೈಪ್ ಹಿಡಿದು ನೀರು ಬಿಟ್ಟು ಆಮೇಲೆ ಪರಾಗ ಹಚ್ಚಕ್ಕೆ ಕೂರೋರಿಗೆ ಇದೇ ಕಾರಣ ಇರತ್ತೆ. ಕ್ರಾಸ್ ಮಾಡೋ ದಿನ ನೀರು ಬುಡಕ್ಕೆ ಮಾತ್ರ. ಮಳೆ ಬರೋ ಹಾಗಿದ್ರೆ ಹಿಂದಿನ ದಿನ ಸಂಜೇನೇ ನಾಳೆ ಅರಳೋ ಮೊಗ್ಗಿರೋ ಕುಂಡವನ್ನ ಮಾಡಿನ ಕೆಳಗೆ ಎಳೆದಿಟ್ಕೊಳ್ಳಿ. ತಂದೆ ಹೂವು ಇವತ್ತು, ತಾಯಿ ಹೂವು ನಾಳೆ ಅನ್ನೋ ಪರಿಸ್ಥಿತಿ ಬಂದ್ರೆ ತಂದೆ ಹೂವನ್ನ ಒಣಗಿದ ಡಬ್ಬೀಲಿ ಹಾಕಿ ಫ್ರಿಜ್ಜಲ್ಲಿಡಬಹುದು, ಮಾರನೇ ದಿನಕ್ಕೆ ಕೆಲಸ ಮಾಡತ್ತೆ, ಆದ್ರೆ ಪಕ್ಕದಲ್ಲಿ ಮಾಗಿದ ಹಣ್ಣು ಬೇಡ, ಅದರಿಂದ ಬರೋ ಎಥಿಲೀನ್ ಗಾಳಿ ಹೂವನ್ನ ಬೇಗ ಬಾಡಿಸತ್ತೆ.

ಇಷ್ಟೆಲ್ಲಾ ಸರಿ ಇದ್ದೂ ಮೂರನೇ ದಿನಕ್ಕೇ ಬೀಳ್ತಿದ್ರೆ ಈಗ ಗಿಡಗಳ ಮೇಲೇ ಅನುಮಾನ ಪಡಿ. ಬೇಲಿ ಪಕ್ಕದಲ್ಲಿ ಹಳೇ ಕಾಲದಿಂದ ಕಡ್ಡಿ ನೆಟ್ಟೇ ಬೆಳೆದು ಬಂದಿರೋ ಕೆಂಪು ದಾಸವಾಳ ಇದೆಯಲ್ಲ, ವರ್ಷವಿಡೀ ಹೂ ಬಿಡತ್ತೆ, ಕಾಯಿ ಕಂಡೋರು ಅಪರೂಪ. ಇಂಥ ಎಷ್ಟೋ ತಳಿಗಳು ತಮ್ಮದೇ ಪರಾಗವನ್ನ ಒಪ್ಪಲ್ಲ, ಕೆಲವು ತಾಯಿಯಾಗಿ ಯಾರ ಪರಾಗವನ್ನೂ ಹಿಡಿಯಲ್ಲ. ಹೈಬ್ರಿಡ್ ಬಂಜೆ ಆಗೋದು ಹೊಸ ಸಮಾಚಾರ ಏನಲ್ಲ, 18ನೇ ಶತಮಾನದ ಶುರುವಲ್ಲಿ ಲಂಡನ್ನಿನ ತೋಟಗಾರ ಥಾಮಸ್ ಫೇರ್‌ಚೈಲ್ಡ್ ಕಾರ್ನೇಷನ್ನೂ ಸ್ವೀಟ್ ವಿಲಿಯಮ್ಮೂ ಸೇರಿಸಿ ಮಾಡಿದ ಗಿಡ ಬೀಜಾನೇ ಕಟ್ತಿರಲಿಲ್ಲ, ಜನ ಅದನ್ನ ಫೇರ್‌ಚೈಲ್ಡನ ಹೇಸರಗತ್ತೆ ಅಂತ್ಲೇ ಕರೆದ್ರು. ಆಮೇಲೆ ಮುದ್ದೆ ಹೂವು, ಅಂದ್ರೆ ಸುತ್ತು ದಾಸವಾಳ. ಅದರಲ್ಲಿ ಕೇಸರಗಳೇ ಎಸಳಾಗಿ ಮಾರ್ಪಟ್ಟಿರತ್ತೆ, ಪರಾಗ ಸಿಕ್ಕೋದೇ ಕಡಿಮೆ, ಕೆಲವು ಸಲ ಗುಂಡುಗಳೂ ಸೊಟ್ಟ ಇಲ್ಲಾ ಎಸಳಿನ ಮಧ್ಯೆ ಹೂತು ಹೋಗಿರತ್ತೆ. ಸುತ್ತು ಹೂವಿನ ಎಸಳು ಬಿಡಿಸಿ ಒಳಗೆ ಒಂದೆರಡು ಒಳ್ಳೆ ಚೀಲ ಸಿಕ್ರೆ ಅದನ್ನ ತಂದೆ ಮಾಡ್ಕೊಳ್ಳಿ, ತಾಯಿಯಾಗಿ ಒಂಟಿ ಹೂವಿನ ಗಿಡ ಇರ್ಲಿ.

ತಪ್ಪು ತಾಯೀದಾ ತಂದೆದಾ ಅಂತ ಪತ್ತೆ ಹಚ್ಚೋದು ಸುಲಭ, ಆದ್ರೆ ತಾಳ್ಮೆ ಬೇಕು. ಕಾಯಿ ಹಿಡಿಯತ್ತೆ ಅಂತ ಖಾತ್ರಿ ಇರೋ ಒಂದು ತಾಯಿ ಗಿಡ ಬೇಕು, ಗೊತ್ತಿರೋರ ಹತ್ರ ಒಂದು ಕಡ್ಡಿ ಇಸ್ಕೊಂಡಾದ್ರೂ ಬೆಳೆಸಿಟ್ಕೊಳ್ಳಿ. ಅನುಮಾನ ಇರೋ ತಂದೆಯ ಪರಾಗವನ್ನ ಅದಕ್ಕೆ ಹಚ್ಚಿ. ಕಾಯಿ ನಿಂತ್ರೆ ತಂದೆ ನಿರ್ದೋಷಿ, ನಿಮ್ಮ ತಾಯಿದೇ ತೊಂದರೆ. ಹಾಗೇನೇ ಒಳ್ಳೆ ತಂದೆ ಅಂತ ಗೊತ್ತಿರೋದನ್ನ ತಂದು ನಿಮ್ಮ ತಾಯಿಗೆ ಹಚ್ಚಿ ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ. ತಂದೆನೂ ಬದಲಾಯಿಸಿ, ಜಾಗಾನೂ ಬದಲಾಯಿಸಿ, ಗೊಬ್ಬರಾನೂ ಹಾಕಿ ಕಾಯಿ ನಿಂತ್ರೆ ಖುಷಿ ಆಗತ್ತೆ ನಿಜ, ಯಾತಕ್ಕೆ ನಿಂತು ಅಂತ ಮಾತ್ರ ಗೊತ್ತಾಗಲ್ಲ.

ಎರಡೂ ಬೇರೆ ಬೇರೆ ಕಡೆ ಚೆನ್ನಾಗಿ ಹಿಡಿದು, ಇವೆರಡರ ಜೋಡಿ ಮಾತ್ರ ಆಗ್ತಿಲ್ಲ ಅಂದ್ರೆ ತಿರುಗಿಸಿ ಮಾಡಿ, ತಾಯಿನ ತಂದೆ ಮಾಡಿ, ತಂದೆನ ತಾಯಿ ಮಾಡಿ. ಇದನ್ನ ಹಗುರವಾಗಿ ತಗೋಬೇಡಿ. ಜರ್ಮನಿಯ ಕೋಲ್‌ರಾಯ್ಟರ್ ಅನ್ನೋ ಸಸ್ಯವಿಜ್ಞಾನಿ 18ನೇ ಶತಮಾನದಲ್ಲೇ ಇದನ್ನ ಕಂಡಿದ್ದ. ನಮ್ಮ ಸಂಜೆಮಲ್ಲಿಗೆಗೆ ಅದರ ಕುಲದ್ದೇ ಆದ ಉದ್ದ ಕೊಳವೆ ಹೂವಿನ ಇನ್ನೊಂದು ಗಿಡದ ಪರಾಗ ಹಚ್ಚಿದ್ರೆ ಸಲೀಸಾಗಿ ಬೀಜ ಕಟ್ತಿತ್ತು, ಉಲ್ಟಾ ಮಾಡಿ ಆ ಉದ್ದ ಹೂವಿಗೆ ಸಂಜೆಮಲ್ಲಿಗೆ ಪರಾಗ ಹಚ್ಚಿದ್ರೆ ಎಂಟು ವರ್ಷ, ಇನ್ನೂರಕ್ಕೂ ಹೆಚ್ಚು ಸಲ ಪ್ರಯತ್ನಪಟ್ರೂ ಒಂದೂ ಆಗ್ಲಿಲ್ಲ. ಅದೇ ಎರಡು ಗಿಡ, ದಿಕ್ಕು ಮಾತ್ರ ಬೇರೆ. ದಾಸವಾಳದಲ್ಲಿ ನಾನು ಪಾಲಿಸೋ ನಿಯಮ, ಪುಟ್ಟ ಹೂವಿನ ಗಿಡಕ್ಕೂ ದೊಡ್ಡ ಹೂವಿನ ಗಿಡಕ್ಕೂ ಕ್ರಾಸ್ ಮಾಡೋವಾಗ ಮೊದ್ಲು ಪುಟ್ಟದನ್ನೇ ತಾಯಿ ಮಾಡಿ ನೋಡೋದು, ನಳಿಕೆ ಇಳಿಯೋ ದಾರಿ ಅಷ್ಟು ಕಡಿಮೆ ಆಗತ್ತೆ.

ಇಲ್ಲಿ ಯಾವಾಗ್ಲೂ ಬರೋ ಪ್ರಶ್ನೆ ಒಂದಿದೆ, ದಾಸವಾಳಕ್ಕೂ ಬೆಂಡೆಗೂ ಕ್ರಾಸ್ ಆಗತ್ತಾ, ಹತ್ತಿಗೆ ಆಗತ್ತಾ, ಹೂವು ಒಂದೇ ಥರ ಕಾಣತ್ತಲ್ಲ ಅಂತ. ಕುಟುಂಬ ಒಂದೇ, ಆದ್ರೆ ಕುಲ ಬೇರೆ ಬೇರೆ, ಮನೇಲಿ ಬ್ರಷ್ ಹಿಡಿದು ಆಗೋ ಕೆಲಸ ಅಲ್ಲ ಅದು. ಗುಲಾಬಿಗೆ ದಾಸವಾಳ ಕ್ರಾಸ್ ಮಾಡಿದ ವಿಡಿಯೋ ಕಂಡ್ರೆ ನಕ್ಕು ಮುಂದೆ ಹೋಗಿ.

ಐದರಿಂದ ಇಪ್ಪತ್ತು ದಿನದ ಮಧ್ಯೆ ಬಿದ್ರೆ

ಇದು ಒಂದು ಲೆಕ್ಕಕ್ಕೆ ಒಳ್ಳೆ ಸುದ್ದಿ. ಬಟ್ಟಲೊಳಗೆ ಕಾಯಿ ಊದಿತ್ತು ಅಂದ್ರೆ ಪರಾಗ ಜೀವಂತ ಇತ್ತು, ತಾಯಿನೂ ಸ್ವಲ್ಪ ಮಟ್ಟಿಗೆ ಒಪ್ಕೊಂಡಿತ್ತು. ನಿಮ್ಮ ಕೈಚಳಕದಲ್ಲಿ ತಪ್ಪಿಲ್ಲ, ಆಮೇಲೆ ನಡೆದಿದ್ರಲ್ಲಿ ತಪ್ಪಿದೆ.

ಒಂದು ಕಾರಣ ಕ್ರೋಮೋಸೋಮ್ (ಜೀನ್‌ಗಳನ್ನ ಹೊತ್ತಿರೋ ಎಳೆ) ಹೊಂದಾಣಿಕೆ. ಇವತ್ತಿನ ದಾಸವಾಳಗಳು ಹಲವು ಜಾತಿ ಬೆರೆತು ಬಂದಿರೋವು, ಕ್ರೋಮೋಸೋಮ್ ಲೆಕ್ಕ ತಳಿಯಿಂದ ತಳಿಗೆ ಬೇರೆ. ಡೇಲಿಲ್ಲೀಲಿ ಇದು ಇನ್ನೂ ಸ್ಪಷ್ಟ, ಡಿಪ್ಲಾಯ್ಡ್ (ಕ್ರೋಮೋಸೋಮ್ ಎರಡು ಪ್ರತಿ ಇರೋ) ಗಿಡದಲ್ಲಿ 22, ಟೆಟ್ರಾಪ್ಲಾಯ್ಡ್ (ನಾಲ್ಕು ಪ್ರತಿ ಇರೋ) ಗಿಡದಲ್ಲಿ 44, ಇವೆರಡನ್ನ ಸೇರಿಸಿದ್ರೆ ಕಾಯಿ ಹಿಡಿದ ಹಾಗೆ ಮಾಡಿ ಆಮೇಲೆ ಬಿಟ್ಬಿಡತ್ತೆ, ಹಾಗಾಗಿ ಡೇಲಿಲ್ಲಿ ಮಾಡೋರು ಕ್ರಾಸ್ ಮಾಡೋ ಮುಂಚೆನೇ ಎರಡೂ ಯಾವ ಗುಂಪು ಅಂತ ನೋಡ್ಕೊಳ್ತಾರೆ. ಗುಲಾಬೀಲೂ 14 ಇರೋ ಕಾಡು ಜಾತಿಗೆ 28 ಇರೋ ತೋಟದ ತಳಿ ಸೇರಿಸಿದ್ರೆ ಹುಟ್ಟೋ 21ರ ಮಕ್ಕಳು ಬಹುಪಾಲು ಬಂಜೆ. ಭ್ರೂಣಕ್ಕೂ ಅದಕ್ಕೆ ಊಟ ಕೊಡೋ ಭಾಗಕ್ಕೂ ಲೆಕ್ಕ ಹೊಂದದೆ ಹೋದ್ರೆ ಭ್ರೂಣ ಹಸಿದು ಸಾಯತ್ತೆ, ಸತ್ತ ಕಾಯಿನ ಗಿಡ ಉದುರಿಸತ್ತೆ. ಮನೇಲಿ ಇದಕ್ಕೆ ಮಾಡಬಹುದಾದ್ದು ಎರಡೇ, ತಿರುಗಿಸಿ ಮಾಡೋದು, ಇಲ್ಲಾ ಇಬ್ಬರಿಗೂ ಹೊಂದೋ ಮೂರನೇ ಗಿಡವನ್ನ ಮಧ್ಯೆ ತಂದು ಎರಡು ತಲೆಮಾರಲ್ಲಿ ಗುರಿ ಮುಟ್ಟೋದು.

ಇನ್ನೊಂದು ಕಾರಣ ಗಿಡದ ಆರೈಕೆ, ಗೊಬ್ಬರದ ಮಾತು ಬರೋದು ಇಲ್ಲೇ. ಕಾಯಿ ಕಟ್ಟಿದ್ಮೇಲೆ ಒಂದೇ ಒಂದು ದಿನ ಗಿಡ ಬಾಡಿದ್ರೂ ಎಳೇ ಕಾಯಿ ಉದುರತ್ತೆ, ಕುಂಡದ ಗಿಡದಲ್ಲಂತೂ ಗ್ಯಾರಂಟಿ. ಕಾಯಿ ಇರೋವಾಗ ಕುಂಡ ಬದಲಾಯಿಸೋದು, ಬೇರು ಕತ್ತರಿಸೋದು, ಗಿಡ ಸವರೋದು, ನೆರಳಿಂದ ಬಿಸಿಲಿಗೆ ಎತ್ತಿಡೋದು ಇದ್ಯಾವುದೂ ಬೇಡ. ಸಾರಜನಕ ಜಾಸ್ತಿ ಇರೋ ಗೊಬ್ಬರ ಸುರಿದ್ರೆ ಗಿಡ ಎಲೆ ಬಿಡಕ್ಕೆ ಹೋಗತ್ತೆ. ದಾಸವಾಳಕ್ಕೆ ರಂಜಕ ಜಾಸ್ತಿ ಆದ್ರೂ ಒಳ್ಳೇದಲ್ಲ, ಹೂ ಬರ್ಲಿ ಅಂತ ರಂಜಕ ತುಂಬಿದ ಗೊಬ್ಬರ ಹಾಕೋ ಅಭ್ಯಾಸ ಇರೋರು ಅದನ್ನ ಬಿಟ್ಟು ಪೊಟ್ಯಾಶ್ ಜಾಸ್ತಿ ಇರೋದನ್ನ ಸ್ವಲ್ಪ ಸ್ವಲ್ಪ ಕೊಡ್ಲಿ. ಎಳೇ ಗಿಡಕ್ಕೆ ಒಂದೇ ಸಲ ಏಳೆಂಟು ಕಾಯಿ ಹೊರಿಸಿದ್ರೆ ಅದೂ ಒಂದಷ್ಟನ್ನ ಬಿಡತ್ತೆ, ಮೊದಲ ವರ್ಷ ಎರಡು ಮೂರು ಸಾಕು.

ದಪ್ಪ ಆದ್ಮೇಲೆ ಬಿದ್ರೆ, ಇಲ್ಲಾ ತೂತು ಕಂಡ್ರೆ

ಇದು ಹುಳುವಿನ ಕೆಲಸ ಅಂತ ಮೊದ್ಲು ಅಂದ್ಕೊಳ್ಳಿ, ಹುಳು ಇಲ್ಲ ಅಂತ ಖಾತ್ರಿ ಆದ್ಮೇಲೆ ಬೇರೆ ಯೋಚನೆ. ಬೆಂಡೆ, ಹತ್ತಿ ಕಾಯಿ ಕೊರೆಯೋ ಚುಕ್ಕೆ ಕಾಯಿಕೊರಕ ದಾಸವಾಳದ ಕಾಯಿನೂ ಬಿಡಲ್ಲ, ಸಣ್ಣ ತೂತು, ಅದರ ಬಾಯಲ್ಲಿ ಹಿಕ್ಕೆ. ತೂತೇ ಇಲ್ದೆ ಕಾಯಿ ಮೇಲೆ ಕೆಂಪು ಕಪ್ಪು ತಿಗಣೆ ಗುಂಪು ಕೂತಿದ್ರೆ ಅದು ಹತ್ತಿಯ ಕೆಂಪು ತಿಗಣೆ, ಹೊರಗಿಂದಾನೇ ಸೂಜಿ ಚುಚ್ಚಿ ಒಳಗಿನ ಬೀಜದ ರಸ ಹೀರತ್ತೆ, ಕಾಯಿ ಹೊರಗೆ ಚೆಂದ ಒಳಗೆ ಖಾಲಿ. ತೊಟ್ಟಿನ ಸಂದೀಲಿ ಬಿಳಿ ಹಿಟ್ಟು ಥರ ಕಂಡ್ರೆ ಹಿಟ್ಟುತಿಗಣೆ, ಇರುವೆ ಓಡಾಡ್ತಿದ್ರೆ ಅದನ್ನ ಸಾಕ್ತಿರೋದು ಅವೇ.

ಔಷಧಿ ಹೊಡೆಯೋ ಬದ್ಲು ಕಾಯಿಗೆ ಬಟ್ಟೆ ಚೀಲ ಕಟ್ಟಿ, ಉಡುಗೊರೆ ಸಾಮಾನು ಹಾಕಿ ಕೊಡೋ ಪಾರದರ್ಶಕ ಜಾಲರಿ ಚೀಲ ಸಾಕು. ಹೂವು ಜಾರಿ ಬಿದ್ದು ಕಾಯಿ ಊದೋದು ಕಂಡ ತಕ್ಷಣ ಕಟ್ಟಿದ್ರೆ ಕೊರಕ, ತಿಗಣೆ ಎರಡೂ ತಪ್ಪತ್ತೆ, ಇನ್ನೊಂದು ಲಾಭ ಏನಂದ್ರೆ ಕಾಯಿ ಒಡೆದಾಗ ಬೀಜ ಚೀಲದೊಳಗೇ ಬೀಳತ್ತೆ. ಸಾಮಾನ್ಯವಾಗಿ ಆರರಿಂದ ಎಂಟು ವಾರಕ್ಕೆ ಬಲಿಯತ್ತೆ, ಸೆಖೆಗೆ ಇನ್ನೂ ಬೇಗ ಆಗಬಹುದು. ಹಸಿರು ಕಾಯಿನ ಆತುರಕ್ಕೆ ಕಿತ್ರೆ ಒಳಗಿನ ಬೀಜ ಬಿಳೀಚ್ಕೊಂಡಿರತ್ತೆ, ಪ್ರಯೋಜನ ಇಲ್ಲ. ಕಂದು ಬಣ್ಣಕ್ಕೆ ತಿರುಗಿ ತುದೀಲಿ ಬಿರುಕು ಬಿಡೋವರೆಗೆ ಕೈ ಕಟ್ಕೊಂಡಿರಿ.

ಕಾಯಿ ಬಿಡಿ, ಮೊಗ್ಗೇ ಅರಳದೆ ಹಳದಿ ಆಗಿ ಬೀಳ್ತಿದ್ರೆ ಅದು ಕ್ರಾಸ್‌ಗೆ ಸಂಬಂಧಪಟ್ಟ ದೋಷ ಅಲ್ಲ, ಬಿದ್ದ ಮೊಗ್ಗನ್ನ ಸೀಳಿ ನೋಡಿ, ಪುಟ್ಟ ಹುಳ ಇದ್ರೆ ಮೊಗ್ಗು ನೊಣದ್ದು. ಬಿದ್ದ ಮೊಗ್ಗನ್ನೆಲ್ಲಾ ದಿನಾ ಆರಿಸಿ ಕವರಲ್ಲಿ ಕಟ್ಟಿ ಎಸೀರಿ, ಮಣ್ಣಲ್ಲಿ ಬಿಟ್ರೆ ಅಲ್ಲೇ ಬೆಳೆದು ಮತ್ತೆ ಬರತ್ತೆ.

ಬೀಜ ಜೊಳ್ಳು, ಬೀಜ ಮೊಳೀತಿಲ್ಲ

ಒಂದು ಕಾಯೀಲಿ ಎರಡೇ ಬೀಜ ಸಿಕ್ಕಿದ್ರೂ ಅದು ಗೆಲುವೇ. ಬೆರಳಲ್ಲಿ ಒತ್ತಿದ್ರೆ ಗಟ್ಟಿ ಇದ್ದು ದುಂಡಗಿದ್ರೆ ಒಳ್ಳೇದು, ಚಪ್ಪಟೆ ಆಗಿ ಪುಡಿ ಆದ್ರೆ ಜೊಳ್ಳು. ನೀರಲ್ಲಿ ಹಾಕಿ ಮುಳುಗಿದ್ದು ಒಳ್ಳೇದು, ತೇಲಿದ್ದು ಕೆಟ್ಟದ್ದು ಅನ್ನೋ ಪರೀಕ್ಷೆ ಇಲ್ಲಿ ಪೂರ್ತಿ ನಂಬಕ್ಕಾಗಲ್ಲ, ತೇಲಿದ್ದೂ ಎಷ್ಟೋ ಸಲ ಮೊಳೆಯತ್ತೆ, ಇಷ್ಟು ಕಷ್ಟಪಟ್ಟು ಸಿಕ್ಕಿದ ಬೀಜನ ತೇಲ್ತು ಅಂತ ಎಸೆಯೋದು ಬೇಡ.

ಮೊಳೀದೆ ಇರಕ್ಕೆ ದೊಡ್ಡ ಕಾರಣ ಗಟ್ಟಿ ಸಿಪ್ಪೆ, ನೀರು ಒಳಗೆ ಹೋಗಲ್ಲ. ಬೀಜದ ಚೂಪು ತುದಿ ಬಿಟ್ಟು ದುಂಡಗಿರೋ ಬೆನ್ನಿನ ಕಡೆ ಬ್ಲೇಡಿಂದಾನೋ ಉಗುರು ಕತ್ತರಿಯಿಂದಾನೋ ಸಿಪ್ಪೇನ ಒಂದು ಚೂರು ಕೆರೆದು ಒಳಗಿನ ಬಿಳಿ ಕಂಡ ತಕ್ಷಣ ನಿಲ್ಲಿಸಿ, ರಾತ್ರಿಯಿಡೀ ಉಗುರುಬೆಚ್ಚಗಿನ ನೀರಲ್ಲಿಟ್ಟು ಬೆಳಗ್ಗೆ ಬಿತ್ತಿ. ಅರ್ಧ ಸೆಂಟಿಮೀಟರ್‌ನಿಂದ ಒಂದು ಸೆಂಟಿಮೀಟರ್ ಆಳ, ಅದಕ್ಕಿಂತ ಜಾಸ್ತಿ ಬೇಡ, ಬೆಚ್ಚಗಿನ ಜಾಗ, 25-30 ಡಿಗ್ರಿ. ಕೆಲವು ಬೀಜ ಒಂದು ವಾರದೊಳಗೇ ಬರತ್ತೆ, ಕೆಲವು ಮೂರು ವಾರ ಸತಾಯಿಸತ್ತೆ, ಒಂದೇ ಕಾಯಿಯ ಬೀಜಗಳೂ ಒಟ್ಟಿಗೆ ಏಳಲ್ಲ, ಹಾಗಾಗಿ ಟ್ರೇ ಬೇಗ ಖಾಲಿ ಮಾಡ್ಬೇಡಿ. ಮಣ್ಣು ಕೆದಕಿ ಕೆದಕಿ ನೋಡೋ ಚಟ ಇರೋರು ಟಿಶ್ಯೂ ಪೇಪರ್ ಮಧ್ಯೆ ಮೊಳಕೆ ಬರಿಸಿ ಆಮೇಲೆ ನೆಡೋದು ವಾಸಿ.

ಮೊಳೆತ ಸಸಿ ಬುಡದಲ್ಲಿ ಕಪ್ಪಾಗಿ ದಾರದಷ್ಟು ಸಣ್ಣ ಆಗಿ ಮಲಗಿದ್ರೆ ಅದು ಬುಡ ಕೊಳೆ ರೋಗ, ಪಿಥಿಯಮ್, ರೈಜೋಕ್ಟೋನಿಯಾ ಥರದ ಮಣ್ಣಿನ ಬೂಷ್ಟುಗಳು ಮಾಡೋ ಕೆಲಸ, ಬಿದ್ದ ಸಸಿ ಏಳಲ್ಲ. ಉಳಿದಿದ್ದನ್ನ ಉಳಿಸ್ಕೊಳ್ಳಿ, ಮೇಲಿಂದ ನೀರು ನಿಲ್ಲಿಸಿ ಟ್ರೇ ಕೆಳಗಿಂದ ಹೀರೋ ಹಾಗೆ ಕೊಡಿ, ಮುಚ್ಚಳ ತೆಗೆದು ಗಾಳಿ ಆಡಕ್ಕೆ ಬಿಡಿ. ಹಳೇ ಕುಂಡದ ಮಣ್ಣಲ್ಲಿ ಬಿತ್ತಬೇಡಿ, ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಆದ್ರೆ ಉಪ್ಪು ಹೋಗೋ ಹಾಗೆ ಎರಡು ಮೂರು ಸಲ ತೊಳೆದು ಹಿಂಡಿ ಬಳಸಿ, ಹಿಂಡಿದ್ರೆ ನೀರು ಸುರಿಯೋ ಹಾಗಿರ್ಬಾರ್ದು.

ಮಕ್ಕಳೆಲ್ಲಾ ತಾಯಿ ಥರಾನೇ ಇದ್ರೆ

ಸಸಿಗಳಲ್ಲಿ ಹೆಚ್ಚಿನವು ತಾಯಿಯ ಹೂವನ್ನೇ ಹೋಲ್ತಿವೆ, ತಂದೆಯ ಒಂದು ಲಕ್ಷಣಾನೂ ಎಲ್ಲೂ ಇಲ್ಲ ಅಂದ್ರೆ ತಾಯಿಯ ಸ್ವಂತ ಪರಾಗವೇ ತಾಗಿರಬಹುದು. ಕೆಲವು ದಾಸವಾಳ ಜಾತಿಗಳಲ್ಲಿ ಬೇರೆ ಪರಾಗ ಸಿಗದೇ ಇದ್ರೆ ಗುಂಡುಗಳಿರೋ ಕವಲು ಸಂಜೆ ಹೊತ್ತಿಗೆ ಕೆಳಗೆ ಬಾಗಿ ತನ್ನದೇ ಕೇಸರ ಮುಟ್ಟತ್ತೆ. ಮುಂದಿನ ಸಲ ತಾಯಿ ಹೂವಿನ ಪರಾಗದ ಚೀಲ ತೆರೆಯೋ ಮುಂಚೆ, ಬೆಳಗ್ಗೆ ಅರಳುತ್ತಿದ್ದ ಹಾಗೇ, ಸಣ್ಣ ಕತ್ತರಿಯಿಂದ ಆ ಚೀಲಗಳನ್ನ ಸವರಿ ತೆಗೀರಿ, ಕೋಲಿಗೆ ಗಾಯ ಆಗ್ಬಾರ್ದು, ಒಳಗೆ ಶಲಾಕೆ ಇದೆ. ತಂದೆ ಪರಾಗ ಹಚ್ಚಿದ್ಮೇಲೆ ಅವತ್ತೊಂದು ದಿನ ಜಾಲರಿ ಚೀಲ ಹಾಕಿ.

ಇದರ ಉಲ್ಟಾ ದೂರೂ ಬರತ್ತೆ, ಕೆಂಪು ಹಳದಿ ಸೇರಿಸಿದೆ, ಕಿತ್ತಳೆ ಬರ್ಲಿಲ್ಲ, ಯಾವುದೋ ಮಾಸಲು ಗುಲಾಬಿ ಬಂತು ಅಂತ. ಅದು ದೋಷ ಅಲ್ಲ. ಹೂವಿನ ಬಣ್ಣ ಪೇಂಟ್ ಡಬ್ಬಿ ಕಲಸಿದ ಹಾಗೆ ಕಲೆಯಲ್ಲ, ಕೆಂಪಿಗೆ ಕಾರಣವಾದ ವರ್ಣದ್ರವ್ಯವೇ ಬೇರೆ, ಹಳದಿಯದ್ದೇ ಬೇರೆ, ಒಂದೊಂದನ್ನೂ ಬೇರೆ ಬೇರೆ ಜೀನ್ ನಡೆಸತ್ತೆ, ಅಪ್ಪ ಅಮ್ಮ ಇಬ್ಬರೂ ಮೊದಲೇ ಮಿಶ್ರ ತಳಿ ಆದ್ದರಿಂದ ಒಂದೇ ಕಾಯಿಯ ಹತ್ತು ಬೀಜಕ್ಕೆ ಹತ್ತು ಬಣ್ಣ ಬರಬಹುದು. ಇದೇ ಕಾರಣಕ್ಕೆ, ಇಷ್ಟವಾದ ಹೂವಿನ ಬೀಜ ಕೊಡಿ ಅಂತ ಕೇಳೋರಿಗೆ ಬೀಜ ಕೊಡಬೇಡಿ, ಕಡ್ಡಿ ಕೊಡಿ, ಬೀಜದಿಂದ ಅದೇ ಹೂವು ಬರಲ್ಲ. ಕಸಿ ಕಟ್ಟಿದ್ರೆ ಬೇರಿನ ಗಿಡದ ಬಣ್ಣ ಮೇಲಕ್ಕೆ ಬೆರೆಯತ್ತಾ ಅಂತಾನೂ ಕೇಳ್ತಾರೆ, ಇಲ್ಲ.

ಸಸಿ ಬೆಳೀತಿದೆ, ಹೂ ಬಿಡ್ತಿಲ್ಲ

ಬೀಜದಿಂದ ಬಂದ ದಾಸವಾಳ ಹೂ ಬಿಡಕ್ಕೆ ಒಂದರಿಂದ ಎರಡು ವರ್ಷ ಸಾಮಾನ್ಯ, ಇನ್ನೂ ತಡ ಮಾಡೋವೂ ಇವೆ. ಈ ಮಧ್ಯೆ ಗಿಡ ಪೊದೆ ಆಗ್ಲಿ ಅಂತ ಪದೇ ಪದೇ ತುದಿ ಚಿವುಟ್ತಾ ಇದ್ರೆ ಹೂವು ಮುಂದಕ್ಕೇ ಹೋಗತ್ತೆ, ಮೊದಲ ಹೂವು ನೋಡೋವರೆಗೆ ಕತ್ತರಿ ದೂರ ಇಡಿ. ಕುಂಡ ಚಿಕ್ಕದಾಗಿ ಬೇರು ಸುತ್ಕೊಂಡಿದ್ರೆ ಒಂದು ಸೈಜ್ ದೊಡ್ಡದಕ್ಕೆ ಹಾಕಿ, ಕಡಿಮೆ ಅಂದ್ರೂ ಐದಾರು ಗಂಟೆ ಬಿಸಿಲು ಬೀಳ್ಲಿ.

ಮೊದಲ ಹೂವು ಪುಟ್ಟದಾಗಿ, ಸೊಟ್ಟಗೆ, ಬಣ್ಣ ಮಂಕಾಗಿ ಬಂದ್ರೆ ಕಿತ್ತೆಸೀಬೇಡಿ. ಗಿಡ ಬಲಿತ ಹಾಗೆ ಹೂವು ದೊಡ್ಡದಾಗತ್ತೆ, ತಂಪು ಕಾಲದಲ್ಲಿ ಎಷ್ಟೋ ತಳಿಗಳ ಬಣ್ಣ ಗಾಢ ಆಗತ್ತೆ, ಸೆಖೆಗೆ ತಿಳಿ ಆಗತ್ತೆ, ಹಾಗಾಗಿ ಒಂದು ಬೇಸಿಗೆ ಒಂದು ಚಳಿಗಾಲ ಎರಡೂ ನೋಡಿ ತೀರ್ಮಾನ ಮಾಡಿ. ಹಾಗಂತ ಹುಟ್ಟಿದ್ದೆಲ್ಲಾ ಇಟ್ಕೊಳ್ಳೋದೂ ಬೇಡ, ಎರಡು ಕಾಲ ನೋಡಿದ್ಮೇಲೂ ಮನಸ್ಸಿಗೆ ಹಿಡಿಸದೇ ಇದ್ರೆ ಯಾರಿಗಾದ್ರೂ ಕೊಟ್ಟು ಜಾಗ ಮಾಡ್ಕೊಳ್ಳಿ, ಕೊಡೋವಾಗ ಹೆಸರಿಟ್ಟು ಕೊಡಬೇಡಿ, ಬರೀ ಟ್ಯಾಗ್ ನಂಬರ್ ಸಾಕು. ಹೆಸರಿಡೋ ಯೋಗ್ಯತೆ ಇರೋದು ಬಂದೇ ಬಂತು ಅಂದ್ರೆ ಆ ಹೆಸರು ಮೊದ್ಲೇ ಬಳಕೇಲಿ ಇದೆಯಾ ಅಂತ ನೋಡಿ, ದಾಸವಾಳ ತಳಿಗಳ ಅಂತರರಾಷ್ಟ್ರೀಯ ನೋಂದಣಿಯ ಹೊಣೆ ಆಸ್ಟ್ರೇಲಿಯನ್ ಹಿಬಿಸ್ಕಸ್ ಸೊಸೈಟಿದು.

ಎರಡು ವರ್ಷ ಆದ್ರೂ ಸಸಿ ಗೇಣುದ್ದಾನೇ ಇದೆ, ಎಲೆ ಹಳದಿ, ಮುಂದಕ್ಕೆ ಬೆಳೀತಾನೇ ಇಲ್ಲ ಅಂದ್ರೆ ಅದರ ಬೇರೇ ಬಲಹೀನ ಇರಬಹುದು, ಒಳ್ಳೊಳ್ಳೆ ಹೂವಿನ ಹೈಬ್ರಿಡ್‌ಗಳಲ್ಲಿ ಇದು ಮಾಮೂಲು. ಆಗ ಸಸಿಯ ತುದಿಯಿಂದ ಪೆನ್ಸಿಲ್ ದಪ್ಪ ಬರ್ದೇ ಇದ್ರೂ ಪರ್ವಾಗಿಲ್ಲ, ಒಂದು ಕಡ್ಡಿ ತೆಗೆದು ಅದೇ ದಪ್ಪದ ಬೇಲಿ ಕೆಂಪು ದಾಸವಾಳದ ಮೇಲೆ ಬೆಣೆ ಕಸಿ (ಕಡ್ಡಿಯ ಬುಡವನ್ನ ಬೆಣೆ ಥರ ಕೆತ್ತಿ, ಸೀಳಿದ ಕಾಂಡದೊಳಗೆ ಕೂರಿಸೋದು) ಕಟ್ಟಿ. ಕ್ರಾಸ್‌ಗೆ ಬಾರದ ಆ ಬಂಜೆ ಕೆಂಪು ಬೇರಿನ ಗಿಡವಾಗಿ ಮಾತ್ರ ಗಟ್ಟಿಮುಟ್ಟು. ಕಸಿ ಹತ್ತಿದ್ರೆ ಸ್ವಂತ ಬೇರಲ್ಲಿ ಹೂ ಬಿಡೋದಕ್ಕಿಂತ ಎಷ್ಟೋ ಮುಂಚೆ ಅದರ ಮೇಲೆ ಹೂವು ಕಾಣ್ಸತ್ತೆ, ಮೂಲ ಸಸಿಯನ್ನ ಮಾತ್ರ ಕಸಿ ಪೂರ್ತಿ ಕೂಡೋವರೆಗೆ ಎಸೀಬೇಡಿ.